ಗೇರ್‌ಬಾಕ್ಸ್ ಇಳಿಸುವ ಮೊದಲು

ಅಂಬಾಸಿಡರ್, ಸುಮೋದಂಥ ಹಳೆಯ ಗಾಡಿ ಇನ್ನೂ ಓಡಿಸುತ್ತಿರುವ ಕಾಸರಗೋಡಿನವರಿಗೆ ಈ ಸೂಚನೆ. ಮಾರುತಿ 800, ಓಮ್ನಿಯವರಿಗಲ್ಲ. ಅವುಗಳದ್ದು ಕೇಬಲ್ ಕ್ಲಚ್, ಇಲ್ಲಿರುವುದು ಹೈಡ್ರಾಲಿಕ್ ಕ್ಲಚ್ಚಿನ ಮಾತು.

ಮಾಡಬೇಕಾದ್ದು

ರಿವರ್ಸ್ ಗೇರ್ ಕರಕರ ಎಂದರೆ, ಪೆಡಲ್ ನೆಲಕ್ಕೆ ಕೂತರೆ ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡಿ. ಕ್ಲಚ್ಚಿನ ಡಬ್ಬಿಯಲ್ಲಿ ಇಳಿದಿದ್ದರೆ ಎಲ್ಲೋ ಸೋರಿದೆ ಎಂದೇ ಲೆಕ್ಕ. ಮ್ಯಾಟ್ ಎತ್ತಿ ಪೆಡಲಿನ ಹಿಂಬದಿ ಮುಟ್ಟಿ. ಕೆಳಗೆ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿ ಸರಿಸಿ, ಒದ್ದೆಯಿದೆಯೇ ನೋಡಿ. ಆದರೆ ಆಟಿಯ ಮಳೆಯಲ್ಲಿ ಎಲ್ಲವೂ ಒದ್ದೆಯೇ. ಬೆರಳಲ್ಲಿ ಉಜ್ಜಿ ನೋಡಿ: ಬ್ರೇಕ್ ಆಯಿಲ್ ಜಾರುತ್ತದೆ, ನೀರು ಜಾರುವುದಿಲ್ಲ.

ಹೊರಗೆ ಒಣಗಿದೆಯೇ? ನಾಲ್ಕಾರು ಸಲ ಪಂಪ್ ಮಾಡಿದ ಮೇಲೆ ಕ್ಲಚ್ ಬಂದರೆ ಲೈನಿನಲ್ಲಿ ಏರ್ ಇದೆ, ಬ್ಲೀಡ್ ಮಾಡಿಸಿ. ಒತ್ತಿ ಹಿಡಿದಿದ್ದಾಗಲೇ ಗಾಡಿ ಮೆಲ್ಲಗೆ ತೆವಳಿದರೆ ಮಾಸ್ಟರ್ ಸಿಲಿಂಡರಿನ ಕಪ್ ಮೇಲೆ ಅನುಮಾನಪಡಿ. ಎಂಜಿನ್ ನಿಲ್ಲಿಸಿ, ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ರಬ್ಬರ್ ಹೋಸ್ ಹಿಡಿದುಕೊಳ್ಳಿ; ಕೈಯಲ್ಲೇ ಉಬ್ಬಿದರೆ ಬದಲಿಸಿ.

ಚೆರ್ಕಳ–ಕಲ್ಲಡ್ಕ ರಸ್ತೆಯ ಏರಿನಲ್ಲಿ ಎಂಜಿನ್ ಅಬ್ಬರಿಸಿ ಗಾಡಿ ಎಳೆಯದಿದ್ದರೆ ಎಲ್ಲರ ಬಾಯಲ್ಲೂ ಬರುವುದು ‘ಪ್ಲೇಟ್ ಹೋಯಿತು’. ತಡೆಯಿರಿ. ಗಾಡಿ ನಿಲ್ಲಿಸಿ, ಪೆಡಲ್ ಮುಟ್ಟದೆ ಬ್ಲೀಡ್ ನಿಪ್ಪಲ್ ಸಡಿಲಿಸಿ. ಆಯಿಲ್ ಚಿಮ್ಮಿದರೆ ಒತ್ತಡ ಸಿಕ್ಕಿಕೊಂಡಿದೆ: ಪುಶ್‌ರಾಡಿಗೆ ಆಟವಿಲ್ಲ, ಇಲ್ಲವೇ ಹೋಸ್ ಒಳಗೇ ಕಟ್ಟಿದೆ. ಚಿಮ್ಮದಿದ್ದರೆ ಮಾತ್ರ ಪ್ಲೇಟಿನ ಮಾತು.

ಮಾಡಬಾರದ್ದು

ಡಬ್ಬಿಗೆ ಎಂಜಿನ್ ಆಯಿಲ್, ಸೀಮೆಎಣ್ಣೆ ಒಂದು ಹನಿಯೂ ಬೀಳಕೂಡದು. ರಬ್ಬರ್ ಕಪ್‌ಗಳು ಉಬ್ಬಿ ಹಾಳಾಗುತ್ತವೆ. ಡಾಟ್ 3 ಬ್ರೇಕ್ ಆಯಿಲಿಗೆ ಡಾಟ್ 4 ಸೇರಿದರೆ ತೊಂದರೆಯಿಲ್ಲ, ಡಾಟ್ 5 ಸಿಲಿಕಾನ್ ಬೆರೆಸಲೇಬಾರದು.

ಕಳೆದ ವರ್ಷ ಒಡೆದಿಟ್ಟ ಬಾಟಲಿಯ ಆಯಿಲ್ ಬೇಡ. ಅದು ಗಾಳಿಯ ತೇವ ಕುಡಿಯುತ್ತದೆ, ನಮ್ಮಲ್ಲಿ ತೇವಕ್ಕೇನು ಬರ! ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯದು. ನೀರು ಕುಡಿದದ್ದಕ್ಕೆ ಆ ಮಿತಿ 140. ಸಿಲಿಂಡರಿಗೆ ಒಳಗಿಂದ ತುಕ್ಕೂ ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಬ್ಲೀಡ್ ಮಾಡಿ ತೆಗೆದದ್ದನ್ನು ಮತ್ತೆ ಸುರಿಯಬೇಡಿ. ಪೇಂಟಿನ ಮೇಲೆ ಚೆಲ್ಲಿದರೆ ಆ ಕ್ಷಣವೇ ನೀರು ಹಾಕಿ.

ಮಳೆಗೆ ನೆನೆದ ಅಂಗಳದಲ್ಲಿ ಬರೀ ಜಾಕ್ ನಂಬಿ ಗಾಡಿಯಡಿಗೆ ನುಗ್ಗಕೂಡದು.

ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿರುವ ಗಾಡಿಯಲ್ಲಿ ಆಯಿಲ್ ತಳ ಕಂಡಿದ್ದರೆ ‘ಪೆರ್ಲದವರೆಗೆ ಹೇಗೋ ಹೋಗುವಾ’ ಎನ್ನಬೇಡಿ. ಗಾಡಿ ಅಲ್ಲೇ ಇರಲಿ, ಮೆಕ್ಯಾನಿಕ್ ಅಲ್ಲಿಗೇ ಬರಲಿ.