ನೆಲೆಯಿಲ್ಲದವರ ಮನಸ್ಸಿಗೂ ಬೇಕು ಆರೈಕೆ

ಬಸ್ ನಿಲ್ದಾಣ, ರೈಲು ನಿಲ್ದಾಣ, ದೇವಸ್ಥಾನಗಳ ದಾಸೋಹದ ಪಂಕ್ತಿ: ನೆಲೆಯಿಲ್ಲದವರು ಆಸರೆ ಅರಸಿ ಬರುವುದು ಇಂತಹ ಸ್ಥಳಗಳಿಗೇ. ತುಮಕೂರು, ಗುಬ್ಬಿ, ಕುಣಿಗಲ್‌ಗಳೂ ಇದಕ್ಕೆ ಹೊರತಲ್ಲ. ಇವರೆಲ್ಲರೂ ಮನೋರೋಗಿಗಳಲ್ಲ. ಆದರೆ ಕೆಲವರು ಊರು-ಹೆಸರು ಹೇಳಲಾರದೆ, ತಮ್ಮಷ್ಟಕ್ಕೆ ಮಾತನಾಡಿಕೊಳ್ಳುತ್ತ, ಕಾಲಿನ ಗಾಯದ ಪರಿವೆಯೂ ಇಲ್ಲದೆ ಅಲೆಯುತ್ತಾರೆ. ಹಸಿದವರಿಗೆ ಅನ್ನವಿಕ್ಕುವ ನಾವು ಇವರನ್ನು ಕಂಡಾಗ ದೂರ ಸರಿಯುವುದುಂಟು. ಮಧುಮೇಹ, ರಕ್ತದೊತ್ತಡಗಳಂತೆ ಇದೂ ಕಾಯಿಲೆಯೇ; ಇದಕ್ಕೂ ಚಿಕಿತ್ಸೆಯುಂಟು.

ವಿದ್ಯಾರ್ಥಿಗಳ ಪಾತ್ರ

ತುಮಕೂರು ವಿಶ್ವವಿದ್ಯಾನಿಲಯವೂ ಸೇರಿದಂತೆ ರಾಜ್ಯದ ಹಲವೆಡೆ ಸಮಾಜಕಾರ್ಯದ ಸ್ನಾತಕೋತ್ತರ ಅಧ್ಯಯನವಿದೆ. ಕ್ಷೇತ್ರಕಾರ್ಯವು ಈ ವ್ಯಾಸಂಗದ ಅವಿಭಾಜ್ಯ ಅಂಗ. ಆಸ್ಪತ್ರೆ, ಪುನರ್ವಸತಿ ಕೇಂದ್ರ, ನಿರಾಶ್ರಿತರ ತಂಗುದಾಣಗಳು ಇಂತಹ ತರಬೇತಿಗೆ ತಕ್ಕ ಸ್ಥಳಗಳು. ವಿದ್ಯಾರ್ಥಿಯು ರೋಗನಿರ್ಣಯ ಮಾಡುವಂತಿಲ್ಲ, ಔಷಧ ಬರೆಯುವಂತಿಲ್ಲ. ಅನುಭವಿಗಳ ಮೇಲ್ವಿಚಾರಣೆಯಲ್ಲಿಯೇ ಕೆಲಸ ಮಾಡಬೇಕು.

ಆ ಕೆಲಸ ನೋಡಲು ಸರಳ. ಅನುಮತಿ ಕೇಳಿ ಪಕ್ಕದಲ್ಲಿ ಕೂರುವುದು. ನಿಗದಿತ ದಿನ, ನಿಗದಿತ ಹೊತ್ತಿಗೆ ತಪ್ಪದೆ ಬರುವುದು. ಹಿಂದಿನ ಕಥೆ ಕೆದಕದೆ ಮೊದಲು ನಿದ್ರೆ, ಊಟ, ಮೈನೋವು ವಿಚಾರಿಸುವುದು. ನಂಬಿಕೆ ಬೆಳೆದ ಬಳಿಕ ಸ್ನಾನ, ಮಾತ್ರೆ, ಸಣ್ಣ ಕಾಯಕಗಳ ದಿನಚರಿ ರೂಪಿಸಲು ನೆರವಾಗುವುದು. ಹಲವರಿಂದ ದೂರವಾದ ಜೀವಕ್ಕೆ, ಹೇಳಿದ ಹೊತ್ತಿಗೆ ಬರುವ ಒಬ್ಬ ವ್ಯಕ್ತಿಯೇ ದೊಡ್ಡ ಭರವಸೆ.

ತೊಡಕಿರುವುದೂ ಇಲ್ಲಿಯೇ. ತರಬೇತಿಗೆ ಅವಧಿಯುಂಟು, ಕಾಯಿಲೆಗಿಲ್ಲ. ವಿದ್ಯಾರ್ಥಿ ಹೇಳದೆ ಹೊರಟುಹೋದರೆ ಹಳೆಯ ಗಾಯ ಮತ್ತೆ ತೆರೆದಂತೆ. ಆದುದರಿಂದ ಹೊರಡುವ ದಿನವನ್ನು ಮೊದಲೇ ತಿಳಿಸಿ, ಮುಂದೆ ನೋಡಿಕೊಳ್ಳುವವರನ್ನು ಪರಿಚಯಿಸಿ ಬೀಳ್ಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ಕಾನೂನಿನ ಆಸರೆ

1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಕೈಗೊಂಡ ಪ್ರಯೋಗವೇ, 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ನಿರ್ಗತಿಕರಿಗೆ ಮತ್ತು ನೆಲೆಯಿಲ್ಲದವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ಸಂಪೂರ್ಣ ಉಚಿತ, ಬಿ.ಪಿ.ಎಲ್. ಕಾರ್ಡ್ ಕೇಳುವಂತಿಲ್ಲ. ತನ್ನನ್ನು ತಾನು ನೋಡಿಕೊಳ್ಳಲಾರದೆ ಅಲೆಯುವ ಮನೋರೋಗಿಯನ್ನು ಪೊಲೀಸರು ರಕ್ಷಣೆಗೆ ಪಡೆದು, 24 ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇರಿಸುವಂತಿಲ್ಲ. ಕುಟುಂಬದವರನ್ನು ಹುಡುಕುವುದೂ ಠಾಣಾಧಿಕಾರಿಯ ಹೊಣೆ.

ಭಕ್ತರು ಮಾಡಬಹುದಾದುದು

1. ಎದುರಿನಿಂದ, ಮೆಲ್ಲಗೆ, ಬಹುವಚನದಲ್ಲಿ ಮಾತನಾಡಿಸಿರಿ. ಗುಂಪುಗೂಡಬೇಡಿರಿ, ಗದರಿಸಬೇಡಿರಿ.
2. ಅವರಿಗೆ ಕೇಳಿಸುವ ದನಿಯನ್ನು ಸುಳ್ಳೆಂದು ವಾದಿಸಬೇಡಿರಿ, "ಭಯವಾಗುತ್ತಿದೆಯೇ? ಊಟವಾಯಿತೇ?" ಎಂದು ಕೇಳಿರಿ.
3. ಫೋಟೋ, ವಿಡಿಯೋ ತೆಗೆದು ಹಂಚಬೇಡಿರಿ.
4. ಗಾಯ, ಜ್ವರ, ನಿತ್ರಾಣವಿದ್ದರೆ 108ಕ್ಕೆ, ರಕ್ಷಣೆ ಬೇಕಿದ್ದರೆ 112ಕ್ಕೆ ಕರೆ ಮಾಡಿರಿ. ಸಲಹೆಗೆ ಟೆಲಿ-ಮಾನಸ್ 14416 ಹಗಲಿರುಳು ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.
5. ಚಿಕಿತ್ಸೆ ಪಡೆದು ಮರಳಿದವರಿಗೆ ಮಾತ್ರೆ ನೆನಪಿಸಿರಿ, ಕೈಲಾಗುವ ಕಾಯಕ ಕೊಡಿರಿ. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲು ಬಿಡಬೇಡಿರಿ.

ವಿದ್ಯಾರ್ಥಿ ಬಂದು ಹೋಗುತ್ತಾನೆ; ಊರಿನವರು ಊರಿನಲ್ಲಿಯೇ ಇರುತ್ತೇವೆ. ಅವನು ಆರಂಭಿಸಿದ ಮಾತನ್ನು ಮುಂದುವರಿಸುವುದು ನಮ್ಮಿಂದ ಆಗಬೇಕಾದ ದಾಸೋಹ.