ನೋವು ಹೋದರೆ ಗಾಯ ಹೋಯಿತೇ?

ನಮ್ಮ ಮೊಹಲ್ಲಾದ ಮಸೀದಿಯ ಹಿಂದಿನ ಸಾಲಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿವೆ. ಮಂಡಿನೋವಿನ ಹಿರಿಯರು ಅವುಗಳ ಮೇಲೆ ಕುಳಿತು ನಮಾಜ್ ಮಾಡುತ್ತಾರೆ. ಪ್ರಥಮ ಪಿಯುಸಿಯಲ್ಲಿದ್ದಾಗ ಒಂದು ಶುಕ್ರವಾರ ಅವರ ನಡುವೆ ನಾನೂ ಕುಳಿತೆ. ನನ್ನ ಎಡ ಪಾದದ ಕೀಲು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕಾಯಿಲೆ ಇದ್ದವರು ಕುಳಿತು ನಮಾಜ್ ಮಾಡಬಹುದು ಎಂಬ ರಿಯಾಯಿತಿ ನಮ್ಮ ಧರ್ಮದಲ್ಲಿದೆ, ಅದು ನನಗೂ ಗೊತ್ತಿತ್ತು. ಆದರೂ ಕರಾಟೆಯಲ್ಲಿ ಬ್ರೌನ್ ಬೆಲ್ಟ್ ಕಟ್ಟುವ ಹುಡುಗ ಅಜ್ಜಂದಿರ ಸಾಲಿನಲ್ಲಿ ಕುಳಿತಿದ್ದಾನಲ್ಲ ಎಂದು ತುಂಬಾ ನಾಚಿಕೆಯಾಯಿತು. ಆ ನಾಚಿಕೆಯಿಂದ ಮಾಡಿದ ಒಂದು ತಪ್ಪಿಗೆ ನಾನು ಐದು ತಿಂಗಳು ಕಳೆದುಕೊಂಡೆ. ಕಬಡ್ಡಿ, ವಾಲಿಬಾಲ್, ಕರಾಟೆ ಆಡುವ ನಮ್ಮ ಕಾಲೇಜಿನ ಗೆಳೆಯ ಗೆಳತಿಯರಿಗೆ ಹಾಗಾಗದಿರಲಿ ಎಂದು ಈ ಪಾಠ ಬರೆಯುತ್ತಿದ್ದೇನೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ಮತ್ತು ನಾನು ಓದಿ ತಿಳಿದದ್ದು ಇದರಲ್ಲಿದೆ. ಆದರೆ ನಿಮಗೆ ಗಾಯವಾದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ.

ಉಳುಕು ಎಂದರೆ ಏನು?

ಮನೆಯಲ್ಲಿ ನಾವು ಇದಕ್ಕೆ ಮೋಚ್ ಎನ್ನುತ್ತೇವೆ, ಕನ್ನಡದಲ್ಲಿ ಉಳುಕು. "ಬರೀ ಉಳುಕು ತಾನೇ, ಎಲುಬು ಮುರಿದಿಲ್ಲವಲ್ಲ" ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆದರೆ ಒಳಗೆ ನಿಜವಾಗಿ ಏನೋ ಹರಿದಿರುತ್ತದೆ.

ನನಗೆ ಆದದ್ದು ಹೀಗೆ. ಕುಮಿಟೆ, ಅಂದರೆ ಎದುರಾಳಿಯೊಡನೆ ಸೆಣಸುವ ಅಭ್ಯಾಸ ನಡೆಯುತ್ತಿತ್ತು. ನಾನು ಬಲಗಾಲಿನಿಂದ ಸುತ್ತಿ ಒದೆಯುವ ಮವಾಶಿ ಗೇರಿ ಹೊಡೆದೆ. ಭಾರವೆಲ್ಲ ಎಡಗಾಲಿನ ಮೇಲಿತ್ತು. ಎರಡು ಮ್ಯಾಟ್‌ಗಳ ನಡುವಿನ ಸಂದಿನಲ್ಲಿ ಆ ಪಾದ ಸಿಕ್ಕಿ ಒಳಕ್ಕೆ ಹೊರಳಿತು. ಟಕ್ ಎಂದು ಸಣ್ಣ ಸದ್ದು ಬಂತು.

ಎಲುಬನ್ನು ಎಲುಬಿಗೆ ಕಟ್ಟಿ ಹಿಡಿಯುವ ಗಟ್ಟಿ ನಾರಿನ ಪಟ್ಟಿಗೆ ಲಿಗಮೆಂಟ್ ಎನ್ನುತ್ತಾರೆ. ಪಾದದ ಕೀಲಿನ ಹೊರಬದಿಯಲ್ಲಿ ಇಂಥ ಮೂರು ಪಟ್ಟಿಗಳಿವೆ. ಪಾದ ಒಳಕ್ಕೆ ಹೊರಳಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಮುಂದಿನ ಪಟ್ಟಿ. ಅದರ ಹೆಸರು ಆಂಟೀರಿಯರ್ ಟ್ಯಾಲೋಫಿಬ್ಯುಲರ್ ಲಿಗಮೆಂಟ್. ಎಳೆತ ಬಿದ್ದು ಕೆಲವೇ ಎಳೆಗಳು ಹರಿದರೆ ಮೊದಲ ದರ್ಜೆಯ ಉಳುಕು, ಅರ್ಧಂಬರ್ಧ ಹರಿದರೆ ಎರಡನೆಯದು, ಪೂರ್ತಿ ಹರಿದರೆ ಮೂರನೆಯದು. ನಮಾಜಿನಲ್ಲಿ ಅತ್ತಹಿಯ್ಯಾತ್ ಓದಲು ಕೂರುವಾಗ ಎಡ ಪಾದವನ್ನು ಹಾಸಿ ಅದರ ಮೇಲೆ ಕೂರುತ್ತೇವಲ್ಲ, ಆಗ ಎಳೆತ ಬೀಳುವುದೂ ಇದೇ ಜಾಗಕ್ಕೆ. ನನಗೆ ನಿಲ್ಲುವುದಕ್ಕಿಂತ ನೆಲದ ಮೇಲೆ ಕೂರುವುದೇ ಹೆಚ್ಚು ಕಷ್ಟವಾಗಲು ಕಾರಣ ಅದು.

ಮೊದಲ ಮೂರು ದಿನ

ನಾನು ಕುಂಟುತ್ತಾ ಮನೆಗೆ ಬಂದ ಕೂಡಲೇ ದಾದಿ ಎಣ್ಣೆ ಬಿಸಿ ಮಾಡಿ ತಿಕ್ಕಲು ಹೊರಟರು. ಪಕ್ಕದ ಮನೆಯವರು ಪುತ್ತೂರು ಕಟ್ಟು ಹಾಕಿಸಿ ಎಂದರು. ಇಬ್ಬರದೂ ನನ್ನ ಮೇಲಿನ ಪ್ರೀತಿಯೇ. ಆದರೆ ಹೊಸ ಗಾಯಕ್ಕೆ ಶಾಖ ಕೊಟ್ಟು ತಿಕ್ಕಿದರೆ ಊತ ಹೆಚ್ಚಾಗಬಹುದು. ಎಲುಬು ಮುರಿದಿದೆಯೋ ಇಲ್ಲವೋ ಎಂದು ತಿಳಿಯದೆ ಕೀಲನ್ನು ಎಳೆಯುವುದೂ ಅಪಾಯ.

ಎಕ್ಸ್‌ರೇ ಯಾವಾಗ ಬೇಕು ಎಂಬುದಕ್ಕೆ ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಒಂದು ಸರಳ ನಿಯಮ ಕೊಟ್ಟರು. ಇಂದು ಜಗತ್ತಿನ ಎಷ್ಟೋ ಕಡೆ ವೈದ್ಯರು ಅದನ್ನು ಬಳಸುತ್ತಾರೆ. ಗಾಯವಾದ ಕೂಡಲೇ ಮತ್ತು ವೈದ್ಯರ ಎದುರಿಗೆ, ಎರಡು ಸಲವೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು. ಕೀಲಿನ ಎರಡು ಬದಿಯ ಗಂಟುಗಳ ತುದಿಯನ್ನು ಅಥವಾ ಹಿಂದಿನ ಅಂಚನ್ನು ಒತ್ತಿದಾಗ ಎಲುಬೇ ನೋಯುತ್ತಿದ್ದರೂ ಬೇಕು. ನನಗೆ ನಾಲ್ಕು ಹೆಜ್ಜೆ ಆಗಲಿಲ್ಲ. ಅಬ್ಬಾ ಆಸ್ಪತ್ರೆಗೆ ಕರೆದೊಯ್ದರು. ಎಲುಬು ಸರಿಯಾಗಿತ್ತು, ಅಲ್ಹಮ್ದುಲಿಲ್ಲಾಹ್.

ವಿಶ್ರಾಂತಿ, ಐಸ್, ಬಿಗಿಯಾದ ಬ್ಯಾಂಡೇಜ್, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕು ಸೂತ್ರಗಳನ್ನು ನಮಗೆ ಕರಾಟೆ ತರಗತಿಯಲ್ಲಿ ಕಲಿಸಿದ್ದರು. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ಇವನ್ನು ಪ್ರಚಾರಕ್ಕೆ ತಂದವರು. ಐಸ್ ಮತ್ತು ಪೂರ್ತಿ ವಿಶ್ರಾಂತಿ ಗಾಯ ಮಾಯುವುದನ್ನು ನಿಧಾನ ಮಾಡಬಹುದು ಎಂದು ಅವರೇ 2014ರಲ್ಲಿ ಬರೆದರು. ಐಸ್ ಈಗಲೂ ಉಪಯೋಗಕ್ಕೆ ಬರುತ್ತದೆ, ಆದರೆ ನೋವು ಕಡಿಮೆ ಮಾಡಲು ಮಾತ್ರ. ಅದನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಬೇಕು. ಬರಿ ಚರ್ಮದ ಮೇಲೆ ಇಟ್ಟರೆ ಚರ್ಮವೇ ಸುಡುತ್ತದೆ. ಎಲುಬು ಮುರಿದಿಲ್ಲ ಎಂದು ಖಚಿತವಾದ ಮೇಲೆ, ನೋವು ತಡೆಯುವಷ್ಟು ಮಾತ್ರ ನಿಧಾನವಾಗಿ ಕಾಲು ಆಡಿಸುವುದು ಒಳ್ಳೆಯದು.

ನನ್ನ ತಪ್ಪು

ಹದಿನಾರನೇ ದಿನ ಅತ್ತಹಿಯ್ಯಾತ್‌ಗೆ ನೋವಿಲ್ಲದೆ ಕುಳಿತೆ. ಊತ ಇಳಿದಿತ್ತು. ಕುರ್ಚಿ ಬಿಟ್ಟು ಗೆಳೆಯರ ಸಾಲಿಗೆ ಬಂದೆ. ಮೂರು ವಾರದಲ್ಲಿ ಪಂದ್ಯಾವಳಿ ಇತ್ತು. ಫಿಸಿಯೋಥೆರಪಿಸ್ಟ್ ಆರು ವಾರದ ವ್ಯಾಯಾಮ ಬರೆದುಕೊಟ್ಟಿದ್ದರು. ನಾನು ಎರಡು ವಾರ ಮಾಡಿ ನಿಲ್ಲಿಸಿದೆ. ಮಾಸ್ಟರ್ ಕೇಳಿದಾಗ "ಪೂರ್ತಿ ಸರಿಹೋಗಿದೆ ಸರ್" ಎಂದೆ. ಅಬ್ಬಾ ಕೇಳಿದಾಗ "ಡಾಕ್ಟರನ್ನು ಕೇಳಿದ್ದೇನೆ, ಆಡಬಹುದಂತೆ" ಎಂದು ಸುಳ್ಳು ಹೇಳಿದೆ.

ನಾಲ್ಕನೇ ದಿನದ ಅಭ್ಯಾಸದಲ್ಲಿ ಅದೇ ಕಾಲು ಮತ್ತೆ ಹೊರಳಿತು. ಈ ಸಲ ಎದುರಾಳಿಯೇ ಇರಲಿಲ್ಲ. ಸುಮ್ಮನೆ ಹಿಂದಕ್ಕೆ ಮುಂದಕ್ಕೆ ಕುಪ್ಪಳಿಸುತ್ತಿದ್ದೆ. ಮೊದಲ ಸಲಕ್ಕಿಂತ ಹೆಚ್ಚು ಹರಿದಿತ್ತು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅಬ್ಬಾ ಬೈಯಲಿಲ್ಲ. "ಡಾಕ್ಟರನ್ನು ಕೇಳಿದ್ದೇನೆ ಅಂದಿದ್ದೆಯಲ್ಲ ಬೇಟಾ" ಎಂದಷ್ಟೇ ಹೇಳಿ ಹೊರಗೆ ನೋಡುತ್ತಾ ಕುಳಿತರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನೋವು ಬೇಗ ಹೋಗುತ್ತದೆ, ಗಾಯ ಏಕೆ ಹೋಗುವುದಿಲ್ಲ?

ಲಿಗಮೆಂಟ್ ಮೂರು ಹಂತಗಳಲ್ಲಿ ಮಾಯುತ್ತದೆ. ಮೊದಲ ಕೆಲವು ದಿನ ಊತ, ಬಿಸಿ, ನೋವು. ಇದು ದೇಹ ಗಾಯವನ್ನು ಶುಚಿಗೊಳಿಸುವ ಕೆಲಸ. ನಂತರ ಕೆಲವು ವಾರ ಹರಿದ ಜಾಗದಲ್ಲಿ ಕೊಲಾಜೆನ್ ಎಂಬ ನಾರು ತುಂಬಿಕೊಳ್ಳುತ್ತದೆ. ಈ ಹೊಸ ನಾರು ಅಡ್ಡಾದಿಡ್ಡಿಯಾಗಿ, ತೆಳುವಾಗಿ ಇರುತ್ತದೆ. ಮೂರನೇ ಹಂತದಲ್ಲಿ ಅದು ಎಳೆತದ ದಿಕ್ಕಿಗೆ ಸಾಲಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತದೆ. ಇದಕ್ಕೆ ತಿಂಗಳುಗಳೇ ಬೇಕು, ಕೆಲವೊಮ್ಮೆ ವರ್ಷವೂ ಆಗುತ್ತದೆ. ನೋವು ಎರಡನೇ ಹಂತದಲ್ಲೇ ಬಹಳಷ್ಟು ಕಡಿಮೆಯಾಗುತ್ತದೆ. ನಾವು ಮೋಸ ಹೋಗುವುದು ಅಲ್ಲಿಯೇ.

ಇನ್ನೊಂದು ವಿಷಯವಿದೆ. ಕಾಲು ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ಸಣ್ಣ ನರದ ತುದಿಗಳು ಲಿಗಮೆಂಟಿನೊಳಗೆ ಇವೆ. ಲಿಗಮೆಂಟ್ ಹರಿದಾಗ ಅವಕ್ಕೂ ಪೆಟ್ಟಾಗುತ್ತದೆ. ಆಮೇಲೆ ಪಾದ ಹೊರಳುತ್ತಿರುವುದು ಸ್ನಾಯುಗಳಿಗೆ ತಡವಾಗಿ ತಿಳಿಯುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕಲು ಇದೊಂದು ಮುಖ್ಯ ಕಾರಣ. ವ್ಯಾಯಾಮವಿಲ್ಲದೆ ಬರೀ ವಿಶ್ರಾಂತಿಯಿಂದ ಈ ಸಮತೋಲನ ಪೂರ್ತಿ ಮರಳುವುದಿಲ್ಲ.

ಎಡ ಮತ್ತು ಬಲದ ಲೆಕ್ಕ

ಎರಡನೇ ಸಲ ನಾನು ಒಂದು ನೋಟ್‌ಬುಕ್ ಇಟ್ಟೆ. ಲೆಕ್ಕಶಾಸ್ತ್ರದ ಪುಟದಂತೆ ನಡುವೆ ಗೆರೆ ಎಳೆದು ಒಂದು ಕಡೆ ಎಡಗಾಲು, ಇನ್ನೊಂದು ಕಡೆ ಬಲಗಾಲು ಎಂದು ಬರೆದೆ. ದಿನವೂ ಮಗ್ರಿಬ್ ನಂತರ ವ್ಯಾಯಾಮ, ವಾರಕ್ಕೊಮ್ಮೆ ಪರೀಕ್ಷೆ.

ಮೊದಲು ಗೋಡೆಯ ಪರೀಕ್ಷೆ. ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ಹೆಬ್ಬೆರಳಿಗೂ ಗೋಡೆಗೂ ಎಷ್ಟು ದೂರವಿದ್ದರೂ ತಾಗುತ್ತದೆ ಎಂದು ಅಳೆಯಬೇಕು. ಮೊದಲ ವಾರ ನನ್ನ ಬಲಗಾಲಿಗೆ 11 ಸೆಂಟಿಮೀಟರ್, ಎಡಗಾಲಿಗೆ 4. ಎರಡನೆಯದು, ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಬಲಗಾಲಿನಲ್ಲಿ 25 ಸಲ ಆಯಿತು, ಎಡಗಾಲಿನಲ್ಲಿ 6. ಮೂರನೆಯದು, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲುವುದು. ಬಲಗಾಲಿನಲ್ಲಿ 30 ಸೆಕೆಂಡು ನಿಂತವನು ಎಡಗಾಲಿನಲ್ಲಿ ಮೂರು ಸೆಕೆಂಡಿಗೆ ಗೋಡೆ ಹಿಡಿದೆ. ಆ ಹೊತ್ತಿಗೆ ನಡೆಯುವಾಗ ನನಗೆ ನೋವೇ ಇರಲಿಲ್ಲ! ಇದನ್ನು ಮೊದಲ ಸಲವೇ ಅಳೆದಿದ್ದರೆ ನಾನು ಮ್ಯಾಟ್ ಮೇಲೆ ಕಾಲಿಡುತ್ತಲೇ ಇರಲಿಲ್ಲ.

ವಾಣಿಜ್ಯ ವಿಭಾಗದ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಹೇಳಲಾಗದು. ಕೆಲವು ತಪ್ಪುಗಳು ಒಳಗೇ ಉಳಿದಿರುತ್ತವೆ. ನೋವಿಲ್ಲ ಎಂಬುದೂ ಅಷ್ಟೇ.

ವ್ಯಾಯಾಮಗಳು ದೊಡ್ಡವೇನಲ್ಲ. ಗಾಳಿಯಲ್ಲಿ ಪಾದದಿಂದ ಅಕ್ಷರ ಬರೆಯುವುದು (ನಾನು ಕನ್ನಡ ವರ್ಣಮಾಲೆ ಬರೆದೆ, ಅದರಲ್ಲಿ ತಿರುವುಗಳು ಹೆಚ್ಚು), ರಬ್ಬರ್ ಪಟ್ಟಿ ಕಟ್ಟಿ ಪಾದವನ್ನು ಹೊರಕ್ಕೆ ತಳ್ಳುವುದು, ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುವುದು. ನಂತರ ಎರಡೂ ಕಾಲಲ್ಲಿ ಕುಪ್ಪಳಿಸುವುದು, ಕೊನೆಗೆ ಒಂಟಿ ಕಾಲಲ್ಲಿ. ಒಂಟಿ ಕಾಲಿನ ಜಿಗಿತದ ದೂರ ಒಳ್ಳೆಯ ಕಾಲಿನ ಶೇ. 90ರಷ್ಟಾದರೂ ಆಗುವವರೆಗೆ ಕುಮಿಟೆ ಇಲ್ಲ ಎಂದು ಫಿಸಿಯೋಥೆರಪಿಸ್ಟ್ ಕಟ್ಟುನಿಟ್ಟಾಗಿ ಹೇಳಿದರು.

ಅಭಿಮಾನಿಗಳು ನೋಡದ ತಿಂಗಳುಗಳು

ನಾನು ಯುಎಫ್‌ಸಿ ಪಂದ್ಯಗಳ ಅಭಿಮಾನಿ. ಗಾಯಗೊಂಡ ಹೋರಾಟಗಾರ ಮರಳಿ ಬರುವ ವಿಡಿಯೋಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಮನೆಯಲ್ಲಿ ಕುಳಿತಿದ್ದಾಗ ಅವುಗಳ ದಿನಾಂಕಗಳನ್ನು ಮೊದಲ ಬಾರಿಗೆ ಗಮನಿಸಿದೆ.

2013ರ ಡಿಸೆಂಬರ್ 28ರಂದು ಬ್ರೆಜಿಲ್‌ನ ಆಂಡರ್ಸನ್ ಸಿಲ್ವಾ ಒದ್ದ ಒದೆತವನ್ನು ಅಮೆರಿಕದ ಕ್ರಿಸ್ ವೈಡ್‌ಮನ್ ಮಂಡಿ ಎತ್ತಿ ತಡೆದರು. ಸಿಲ್ವಾ ಅವರ ಎಡಗಾಲಿನ ಮಂಡಿಯ ಕೆಳಗಿನ ಎರಡೂ ಎಲುಬುಗಳು ಮುರಿದವು. ಅವರು ಮತ್ತೆ ಸ್ಪರ್ಧಿಸಿದ್ದು 2015ರ ಜನವರಿ 31ರಂದು, ಹದಿಮೂರು ತಿಂಗಳ ನಂತರ. 2021ರ ಏಪ್ರಿಲ್ 24ರಂದು ಅದೇ ವೈಡ್‌ಮನ್ ಪಂದ್ಯದ ಮೊದಲ ಒದೆತದಲ್ಲೇ ತಮ್ಮ ಬಲಗಾಲನ್ನು ಅದೇ ರೀತಿ ಮುರಿದುಕೊಂಡರು. ಹಲವು ಶಸ್ತ್ರಚಿಕಿತ್ಸೆಗಳಾದವು. ಅವರು ಮರಳಿದ್ದು 2023ರ ಆಗಸ್ಟ್‌ನಲ್ಲಿ, ಸುಮಾರು ಇಪ್ಪತ್ತೆಂಟು ತಿಂಗಳ ನಂತರ. ಆ ಪಂದ್ಯದಲ್ಲಿ ಸೋತರು ಕೂಡ. ಗಾಯ ಒಂದೇ ಬಗೆಯದು, ಇಬ್ಬರೂ ಚಾಂಪಿಯನ್ ಆಗಿದ್ದವರು, ಆದರೆ ಒಬ್ಬರಿಗೆ ಬೇಕಾದ ಸಮಯ ಇನ್ನೊಬ್ಬರದರ ಎರಡು ಪಟ್ಟಿಗಿಂತ ಹೆಚ್ಚು. ಪಂದ್ಯಾವಳಿಯ ತಾರೀಖು ನೋಡಿ ನನ್ನ ಕಾಲಿಗೆ ಗಡುವು ಕೊಟ್ಟಿದ್ದೆನಲ್ಲ ಎಂದು ಆಗ ನನಗೇ ನಗು ಬಂತು.

ನಮ್ಮ ದೇಶದ ವಿನೇಶ್ ಫೋಗಟ್ ಅವರದು ಇನ್ನೊಂದು ಪಾಠ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚೀನಾದ ಸುನ್ ಯನಾನ್ ವಿರುದ್ಧ ಆಡುವಾಗ ಮಂಡಿಗೆ ಪೆಟ್ಟಾಗಿ ಅವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರ ಮೊದಲ ಎದುರಾಳಿ ಅದೇ ಸುನ್ ಯನಾನ್. ವಿನೇಶ್ ಗೆದ್ದರು, ಮುಂದೆ ಚಿನ್ನವನ್ನೂ ಗೆದ್ದರು. ಏಷ್ಯನ್ ಗೇಮ್ಸ್ ಕುಸ್ತಿಯಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಮಹಿಳೆ ಅವರು. ಆ ಎರಡು ಪಂದ್ಯಗಳನ್ನು ಯಾರು ಬೇಕಾದರೂ ನೋಡಬಹುದು. ನಡುವಿನ ಎರಡು ವರ್ಷ ದಿನವೂ ಮಾಡಿದ ವ್ಯಾಯಾಮವನ್ನು ನಾವು ಯಾರೂ ಕುಳಿತು ನೋಡಿಲ್ಲ. ನಾನು ಅಭಿಮಾನಿಯಾಗಿ ಕಲಿತದ್ದು ಮರಳುವ ದಿನದ ಚಪ್ಪಾಳೆಯನ್ನು ಮಾತ್ರ, ಅದನ್ನೇ ಅನುಕರಿಸಲು ಹೋಗಿದ್ದೆ.

ಕಾಯುವಾಗ ಏನು ಮಾಡಬಹುದು?

ಮನೆಯಲ್ಲೇ ಬಿದ್ದಿರಬೇಕಾಗಿಲ್ಲ. ಎರಡನೇ ವಾರದಿಂದ ನಾನು ತರಗತಿಗೆ ಹೋಗಿ ಬೆಂಚಿನ ಮೇಲೆ ಕುಳಿತು ಕೈಗಳ ಅಭ್ಯಾಸ ಮಾಡಿದೆ. ಚಿಕ್ಕ ಮಕ್ಕಳ ಕುಮಿಟೆಗೆ ಅಂಕ ಬರೆದೆ. ಹೊರಗಿನಿಂದ ನೋಡಿದಾಗ, ನಾನು ಒದ್ದ ಮೇಲೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳದೆ ಹಾಗೇ ಇಳಿಸುತ್ತಿದ್ದೆ ಎಂಬ ತಪ್ಪು ತಿಳಿಯಿತು. ಹೆದರಿಕೆಯ ಬಗ್ಗೆಯೂ ಹೇಳಬೇಕು. ಕಾಲು ಗಟ್ಟಿಯಾದ ಮೇಲೂ ಎಡಗಾಲಿನ ಮೇಲೆ ತಿರುಗಲು ಮನಸ್ಸು ಒಪ್ಪುತ್ತಿರಲಿಲ್ಲ. ಅದನ್ನು ಮಾಸ್ಟರ್‌ಗೆ ಹೇಳಿದೆ. ಅವರು ನಗಲಿಲ್ಲ. "ಮೊದಲು ಕಟಾ ಮಾಡಪ್ಪ, ಆಮೇಲೆ ಪ್ಯಾಡ್‌ಗೆ ಒದಿ, ಆಮೇಲೆ ಹಗುರವಾದ ಕುಮಿಟೆ. ಮರುದಿನ ಊತ ಬಂದರೆ ಒಂದು ಹೆಜ್ಜೆ ಹಿಂದಕ್ಕೆ" ಎಂದರು. ಈ ಕ್ರಮವನ್ನು ಯಾವ ಆಟಕ್ಕೂ ಹೊಂದಿಸಿಕೊಳ್ಳಬಹುದು.

ಆ ಪಂದ್ಯಾವಳಿ ನನಗೆ ತಪ್ಪಿತು. ಬೆಲ್ಟ್ ಪರೀಕ್ಷೆಯೂ ಮುಂದಕ್ಕೆ ಹೋಯಿತು. ಕಳೆದ ತಿಂಗಳು ನೋಟ್‌ಬುಕ್‌ನ ಎರಡೂ ಬದಿ ಹೆಚ್ಚುಕಡಿಮೆ ಸಮವಾಯಿತು. ಅದನ್ನು ಮೊದಲು ಅಬ್ಬಾಗೆ ತೋರಿಸಿದೆ. ಅವರು ಪುಟ ಪುಟವಾಗಿ ನೋಡಿ, "ಡಾಕ್ಟರ್ ಏನಂದರು?" ಎಂದು ಕೇಳಿದರು. ಮರುದಿನ ಇಬ್ಬರೂ ಹೋಗಿ ಕೇಳಿಕೊಂಡು ಬಂದೆವು. ಈಗ ನಾನು ಹಗುರವಾದ ಕುಮಿಟೆಯ ಹಂತದಲ್ಲಿದ್ದೇನೆ.

ನಿಮ್ಮಲ್ಲಿ ಯಾರಿಗಾದರೂ ಕಾಲು ಉಳುಕಿದರೆ ದಯವಿಟ್ಟು ಮುಚ್ಚಿಡಬೇಡಿ. ನಮ್ಮ ದೈಹಿಕ ಶಿಕ್ಷಣ ಸರ್‌ಗೆ ಹೇಳಿ, ಮನೆಯಲ್ಲಿ ಹೇಳಿ, ಎರಡು ಕಾಲನ್ನೂ ಅಳೆದು ನೋಡಿ. ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡಬೇಕಾಗಿ ಬಂದರೆ ನಾಚಬೇಡಿ, ಆ ರಿಯಾಯಿತಿ ಇರುವುದೇ ನಮಗಾಗಿ. ಅಲ್ಲಾಹನು ಎಲ್ಲರಿಗೂ ಆರೋಗ್ಯವನ್ನೂ ಕಾಯುವ ತಾಳ್ಮೆಯನ್ನೂ ಕೊಡಲಿ.