ನೀರು ಬಂದ ದಿನವೇ ನಾಳೆಯ ಚಿಂತೆ



ಸಿಂಧನೂರು, ಮಸ್ಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯೇ ಜೀವ. ಲಿಂಗಸುಗೂರು ಕಡೆಗೆ ಕೃಷ್ಣೆಯ ಆಸರೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಕೆರೆಗೆ ತುಂಬಿಸಿಟ್ಟ ನೀರೇ ಗತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ, ತುಂಬಿದ್ದ ಜಲಾಶಯದ ನೀರು ದಿನಗಟ್ಟಲೆ ಹೊಳೆಗೆ ಹರಿದದ್ದನ್ನು ಕಂಡಿದ್ದೀರಿ. ಮೋಟರ್ ಸುಟ್ಟರೂ ಪೈಪು ಒಡೆದರೂ ನಲ್ಲಿ ಒಣಗುತ್ತದೆ. ಅದಕ್ಕೇ ಮೂರು ದಿನದ ಕುಡಿಯುವ ನೀರು ಮನೆಯಲ್ಲಿ ಸದಾ ಇರಲಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೆ, ಐದು ಮಂದಿಗೆ 60 ಲೀಟರ್. ಅಂದರೆ 15 ಲೀಟರಿನ ನಾಲ್ಕು ಕೊಡ.

ತುಂಬುವುದು ಸುಲಭ, ಕೆಡದಂತೆ ಕಾಯುವುದೇ ಕಷ್ಟ. ಎಷ್ಟೋ ಸಲ ಒಳ್ಳೆಯ ನೀರು ಕೆಡುವುದು ಮನೆಗೆ ಬಂದ ಮೇಲೆ, ನಮ್ಮ ಕೈಯಿಂದಲೇ. ತಂಬಿಗೆ ಅದ್ದುವಾಗ ಬೆರಳೂ ಮುಳುಗುತ್ತದೆ. ನಲ್ಲಿ ಇರುವ ಪಾತ್ರೆ ಇಡಿ. ಇಲ್ಲವೇ ಉದ್ದ ಹಿಡಿಯ ಸೌಟು ಬಳಸಿ. ಮುಚ್ಚಳ ಬಿಗಿಯಾಗಿರಲಿ, ಪಾತ್ರೆ ಬಿಸಿಲಿಗೆ ಬೀಳದಿರಲಿ. ಭತ್ತಕ್ಕೆ ಹೊಡೆದ ಔಷಧಿಯ ಡಬ್ಬಿಯನ್ನು ಎಷ್ಟು ತೊಳೆದರೂ ನೀರಿಗೆ ಬಳಸಲೇಬೇಡಿ.

2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಜೀವ ಕಳೆದುಕೊಂಡರು. ನೀರು ತಿಳಿಯಾಗಿ ಕಂಡಿತೆಂದು ನಂಬಬೇಡಿ. ರಾಡಿ ಇದ್ದರೆ ತಳಕ್ಕೆ ಕೂರಲು ಬಿಟ್ಟು, ತೊಳೆದ ಬಟ್ಟೆಯಲ್ಲಿ ಸೋಸಿ. ಆಮೇಲೆ, ತಿಳಿನೀರಾದರೂ, ಕೊತಕೊತ ಕುದಿಯುವಾಗ ಒಂದು ನಿಮಿಷ ಬಿಟ್ಟು ಇಳಿಸಿ. ಆರಿದ ಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿಡಿ. ಕುದಿಸಲು ಅನುಕೂಲವಿಲ್ಲದಿದ್ದರೆ ಕ್ಲೋರಿನ್ ಮಾತ್ರೆಯನ್ನು ಚೀಟಿಯಲ್ಲಿ ಬರೆದ ಅಳತೆಯಂತೆ ಹಾಕಿ, ಅರ್ಧ ಗಂಟೆ ಕಾಯಿರಿ.

ಬೋರಿನ ನೀರಿನ ವಿಷಯ ಬೇರೆ. ನಮ್ಮ ರಾಯಚೂರು ಜಿಲ್ಲೆಯ ಹಲವು ಊರುಗಳಲ್ಲಿ ಅದರಲ್ಲಿ ಫ್ಲೋರೈಡ್ ಇದೆ. ಹಟ್ಟಿ ಪಟ್ಟಣದ ಸುತ್ತಿನ ಕೆಲವೆಡೆ ಆರ್ಸೆನಿಕ್ ಕೂಡ. ಕುದಿಸಿದರೆ ಇವು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಇವುಗಳ ಪ್ರಮಾಣ ಹೆಚ್ಚುತ್ತದೆ. ಅಂಥ ಊರಿನವರು ಪರೀಕ್ಷೆ ಮಾಡಿಸಿದ ಬೇರೆ ನೀರನ್ನೇ ಕುಡಿಯಲು ತುಂಬಿಡಿ.

ಬಳಕೆಯ ಬ್ಯಾರಲ್ ಮರೆಯಬೇಡಿ. ಡೆಂಗಿ ತರುವ ಸೊಳ್ಳೆ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಎಂಟು–ಹತ್ತು ದಿನ ಸಾಕು. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ತಿಕ್ಕಿ ತೊಳೆದು, ಒಣಗಿಸಿ ತುಂಬಿ. ಕುಡಿಯುವ ಕೊಡಗಳ ನೀರನ್ನೂ ಎರಡು ಮೂರು ದಿನಕ್ಕೊಮ್ಮೆ ಬಳಸಿ ಹೊಸದು ಹಿಡಿಯಿರಿ.

ಕೊನೆಯ ಮಾತು, ತಮ್ಮಂದಿರೇ, ತಂಗಿಯರೇ: ನಿಮ್ಮ ತೋಳಿನಲ್ಲಿ ಕಸುವಿದೆ. ಓಣಿಯಲ್ಲಿ ಕೊಡ ಎತ್ತಲಾರದ ಮುದುಕರು, ಬಾಣಂತಿಯರು ಇರುತ್ತಾರೆ. ನೀರು ಬಿಟ್ಟ ದಿನ ಮೊದಲು ಅವರ ಮನೆಯದು ತುಂಬಿಸಿ.